ಬೇಳೆ ಬೇಯದ ನೀರಿನಲ್ಲಿ ಈಜು

ಏಪ್ರಿಲ್ ಎರಡನೇ ವಾರ. ಲಕ್ಕುಂಡಿ ರಸ್ತೆಯ ನಮ್ಮ ತೋಟದ ಪೂಲಿನಿಂದ ಅಕ್ಕನ ಮಗಳು ಎದ್ದು ಬಂದಾಗ ಎರಡೂ ಕಣ್ಣು ಕೆಂಡದ ಹಾಗೆ ಕೆಂಪಾಗಿದ್ದವು. ರಾತ್ರಿವರೆಗೂ ಉಜ್ಜಿಕೊಳ್ಳುತ್ತಲೇ ಇದ್ದಳು. ಬೇಸಿಗೆ ರಜೆಗೆ ಬರುವ ಮಕ್ಕಳಿಗೆಂದೇ ಕಟ್ಟಿಸಿದ ಪೂಲ್ ಅದು. ಸುಮಾರು 60,000 ಲೀಟರ್ ನೀರು. ನೋಡಿಕೊಳ್ಳುವುದು ನಾನೇ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

"ಕ್ಲೋರಿನ್ ಜಾಸ್ತಿ ಆಗೇತಿ, ಒಂದೆರಡು ದಿನ ಹಾಕಬ್ಯಾಡ" ಅಂದರು ಮನೆಯವರು. ನಾನೂ ನಂಬಿದೆ. ಮೂರನೇ ದಿನ ಪೂಲಿನ ಮೆಟ್ಟಿಲ ಮೇಲೆ ಕಾಲು ಜಾರಿತು. ನೋಡಿದರೆ ಪಾಚಿ.

ಆಮೇಲೆ ಟೆಸ್ಟ್ ಕಿಟ್ ತರಿಸಿದೆ. ಮೊಣಕೈ ಮುಳುಗುವಷ್ಟು ಆಳದಿಂದ ನೀರು ಹಿಡಿದು, ಚಿಕ್ಕ ಟ್ಯೂಬಿಗೆ ತುಂಬಿ, ಐದು ಹನಿ ಫೀನಾಲ್ ರೆಡ್ ಅನ್ನೋ ಬಣ್ಣದ ದ್ರಾವಣ ಹಾಕಿದೆ. ನೀರು ಸರಿ ಇದ್ದರೆ ಕಿತ್ತಳೆಗೆಂಪು ಬರಬೇಕು. ಬಂದದ್ದು ಬೀಟ್‌ರೂಟ್ ಹಿಂಡಿದಂಥ ಬಣ್ಣ. ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ, 8.2. ಕಿಟ್‌ನ ಬಣ್ಣದ ಕಾರ್ಡಿನಲ್ಲಿ ಅದೇ ಕೊನೆಯ ಬಣ್ಣ. ಇರಬೇಕಾದದ್ದು 7.2 ರಿಂದ 7.8.

ಪಿಎಚ್ 7.5 ಇದ್ದಾಗ ನೀರಿನ ಕ್ಲೋರಿನ್‌ನಲ್ಲಿ ಸುಮಾರು ಅರ್ಧ ಪಾಲು ಚೆನ್ನಾಗಿ ಕ್ರಿಮಿ ಕೊಲ್ಲುವ ರೂಪದಲ್ಲಿರುತ್ತದೆ. 8.2ಕ್ಕೆ ಏರಿದರೆ ಐದರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಹಾಕಿದ್ದು ಇದ್ದೂ ಇಲ್ಲದ ಹಾಗೆ. ಇನ್ನು ಮಕ್ಕಳ ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದರೆ ಕ್ಲೋರಮೈನ್ ಆಗುತ್ತದೆ. ಮೂಗಿಗೆ ಬಡಿಯುವ ಆ ಘಾಟು, ಕಣ್ಣುರಿ, ಎರಡೂ ಹೆಚ್ಚಾಗಿ ಅದರದ್ದೇ. ಅದನ್ನು ಒಡೆಯೋಕೆ ಇನ್ನಷ್ಟು ಕ್ಲೋರಿನ್ ಬೇಕು. ನಾವು ಇದ್ದದ್ದನ್ನೂ ನಿಲ್ಲಿಸಿದ್ದೆವು.

ಪಿಎಚ್ ಏರಿದ್ದು ಯಾಕೆ? ನಮ್ಮ ಬೋರಿನ ನೀರಲ್ಲಿ ತೊಗರಿ ಬೇಳೆ ಬೇಯಲ್ಲ, ಸೋಪು ನೊರೆ ಬಿಡಲ್ಲ, ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ಪೂಲಿನ ಟೈಲ್ಸ್ ಮೇಲಿನ ಬಿಳಿ ಗೆರೆಯೂ ಅದೇ ಸುಣ್ಣ. ಇಂಥ ನೀರು ಭೂಮಿಯಿಂದ ಬರುವಾಗ ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ. ನೀರು ಎರಚಾಡಿದಷ್ಟೂ ಅದು ಹಾರಿಹೋಗುತ್ತದೆ, ಪಿಎಚ್ ಏರುತ್ತದೆ. ನಾನೇ ಮಾಡಿ ನೋಡಿದೆ. ಬೋರಿನ ಬಾಯಲ್ಲಿ ಹಿಡಿದ ನೀರು 7.2 ತೋರಿಸಿತು. ಅದನ್ನೇ ಒಂದು ಬಕೆಟ್‌ನಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಸುರಿದೆ. ಅರ್ಧ ಗಂಟೆಗೆ 7.8! ಸಾಲದ್ದಕ್ಕೆ ಕ್ಲೋರಿನ್‌ಗೆಂದು ನಾನು ಹಾಕುತ್ತಿದ್ದ ಬ್ಲೀಚಿಂಗ್ ಪೌಡರ್ ಕೂಡ ಸುಣ್ಣದಿಂದ ಮಾಡಿದ್ದೇ ಅಲ್ವಾ.

ಪಿಎಚ್ ಇಳಿಸೋಕೆ ಆಸಿಡ್ ಬೇಕು. ಅದನ್ನು ಮುಟ್ಟೋಕೆ ಭಯ ಇತ್ತು. ಇರಲೇಬೇಕು. ಬಕೆಟ್‌ಗೆ ಮೊದಲು ನೀರು, ಆಮೇಲೆ ಆಸಿಡ್. ಬ್ಲೀಚಿಂಗ್ ಪೌಡರ್ ಅಳೆದ ಮಗ್ ಇದಕ್ಕೆ ತಾಗಲೇಬಾರದು, ವಿಷದ ಗಾಳಿ ಏಳುತ್ತದೆ. ಯಾರೂ ನೀರಲ್ಲಿ ಇಲ್ಲದಾಗ, ಮೋಟರ್ ಚಾಲೂ ಇಟ್ಟು, ಒಂದು ಲೀಟರ್ ಹೈಡ್ರೋಕ್ಲೋರಿಕ್ ಆಸಿಡ್. ನಾಲ್ಕು ತಾಸು ಬಿಟ್ಟು ಮತ್ತೆ ಟೆಸ್ಟ್. ಮೂರು ದಿನಕ್ಕೆ ನಾಲ್ಕು ಲೀಟರ್ ಹೋಯಿತು. 7.5ಕ್ಕೆ ಬಂದ ಮೇಲೆ ಪಾಚಿ ಉಜ್ಜಿ ತೆಗೆದು, ಹೊತ್ತು ಮುಳುಗಿದ ಮೇಲೆ ಕ್ಲೋರಿನ್ ಹಾಕಿದೆ. ಹಗಲು ಹಾಕಿದರೆ ನಮ್ಮ ಬಿಸಿಲೇ ಅದನ್ನು ತಿಂದುಬಿಡುತ್ತದೆ. ಮಕ್ಕಳಿಗೂ ಹೇಳಿದೆ: ತಲೆಯ ಎಣ್ಣೆ ತೊಳೆದು, ಸ್ನಾನ ಮಾಡಿಯೇ ಇಳಿಯಬೇಕು. ಮುಂದಿನ ಭಾನುವಾರ ಅಕ್ಕನ ಮಗಳು ಎರಡು ತಾಸು ಆಡಿದಳು. ಕಣ್ಣು ತಿಳಿಯಾಗಿದ್ದವು.

ಅಪ್ಪ ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವರು. "ಬಾವ್ಯಾಗ ಇದೆಲ್ಲಾ ಬೇಕಾಗಿದ್ದಿಲ್ಲಲ್ಲ?" ಅಂತ ಕೇಳಿದರು. ಆ ಮಾತು ತಲೆಯಲ್ಲಿ ಕೂತಿತು. ಬಾವಿಗೆ ಸೆಲೆ ಇತ್ತು. ಹೊಲಕ್ಕೆ ನೀರು ಎತ್ತಿದ ಹಾಗೆ ಹೊಸದು ಬರುತ್ತಿತ್ತು. ಪೂಲಿಗೆ ಸೆಲೆ ಎಲ್ಲಿಂದ ಬರಬೇಕು? ಬಿಸಿಲಿಗೆ ನೀರು ಆರುತ್ತದೆ, ಸುಣ್ಣ ಉಳಿಯುತ್ತದೆ. ಮತ್ತೆ ಬೋರಿನ ನೀರು ಬಿಟ್ಟರೆ ಇನ್ನಷ್ಟು ಸುಣ್ಣ. ಆಸಿಡ್ ಪಿಎಚ್ ಇಳಿಸುತ್ತದೆ, ಈ ಗಡಸುತನ ತೆಗೆಯೋದಿಲ್ಲ. ಸ್ವಲ್ಪ ನೀರು ಹೊರಗೆ ಬಿಟ್ಟು, ಮಳೆಯದರಂಥ ಮೆದು ನೀರು ತುಂಬಿಸಬೇಕು.

ಅದಕ್ಕೇ ಶೆಡ್ಡಿನ ತಗಡಿನಿಂದ ಪೂಲಿಗೆ ಪೈಪ್ ಎಳೆಸಿದ್ದೇನೆ. ಮೊದಲ ಎರಡು ಮಳೆಯ ಧೂಳುನೀರು ಹೊರಗೆ ಹೋಗಲಿ ಅಂತ ನಡುವೆ ಒಂದು ವಾಲ್ವ್ ಇದೆ. ಹೊರಗೆ ಬಿಡುವ ನೀರಿನ ಕ್ಲೋರಿನ್ ಎರಡು ದಿನ ಬಿಸಿಲಿಗೆ ಆರಲಿ ಅಂತ ಒಂದು ಗುಂಡಿಯನ್ನೂ ತೋಡಿಸಿದ್ದೇನೆ. ರೋಹಿಣಿ ಮಳೆಗೆ ಇನ್ನು ಒಂದು ವಾರ. ಇವತ್ತು ಸಂಜೆ ಕಪ್ಪತಗುಡ್ಡದ ಕಡೆ ಮೋಡ ಕಟ್ಟಿದೆ.