ಅಮ್ಮ ಹೇಳದೇ ಇದ್ದದ್ದು

ಆಗಸ್ಟ್ 20, 2024, ಮಂಗಳವಾರ, ರಾತ್ರಿ

ಕಿಡ್ನಿ ಸೋಂಕಿಗೆ ಅಮ್ಮನಿಗೆ ಇವತ್ತು ಐದನೇ ಇಂಜೆಕ್ಷನ್. ಜ್ವರ ಬಿಟ್ಟು ಎರಡು ದಿನ ಆಯ್ತು. ನೆಮ್ಮದಿಯಾಗಿ ಮಲಗಬೇಕಾದ ರಾತ್ರಿ. ಆದರೆ ಸಂಜೆ ನಡೆದ ಮಾತು ತಲೆಯಿಂದ ಹೋಗುತ್ತಲೇ ಇಲ್ಲ.

ಸಿಸ್ಟರ್ ಪುಟ್ಟ ಬಾಟಲಿಯಲ್ಲಿದ್ದ ಪುಡಿಗೆ ನೀರು ಬೆರೆಸಿ ಅಲ್ಲಾಡಿಸುತ್ತಿದ್ದರು. ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್, ಒಂದು ಗ್ರಾಂ. ಪುಡಿ ಕರಗಿ ತಿಳಿ ಹಳದಿ ಆಗುವುದನ್ನು ಐದು ದಿನದಿಂದ ನೋಡುತ್ತಿದ್ದೇನೆ. ಮೊದಲು ಡ್ರಿಪ್ ನಿಲ್ಲಿಸಿ, ಕೊಳವೆಗೆ ಸಲೈನ್ ಬಿಟ್ಟು ತೊಳೆದರು. ಯಾಕೆ ಅಂತ ಮೊದಲ ದಿನವೇ ಕೇಳಿದ್ದೆ. ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಇದ್ದರೆ ಈ ಔಷಧಿ ಅದರ ಜೊತೆ ಸೇರಿ ಕಣ ಕಣವಾಗಿ ಗಟ್ಟಿಯಾಗುತ್ತದಂತೆ. ಹುಟ್ಟಿ 28 ದಿನ ಕೂಡ ಆಗದ ಮಕ್ಕಳಿಗಂತೂ ಕ್ಯಾಲ್ಸಿಯಂ ಇರುವ ಡ್ರಿಪ್ ಹೋಗುತ್ತಿದ್ದರೆ ಇದನ್ನು ಕೊಡಲೇಬಾರದಂತೆ.

ಸಿರಿಂಜ್ ನಿಧಾನಕ್ಕೆ ಒತ್ತುತ್ತಾ ಸಿಸ್ಟರ್ ಕೇಳಿದರು, "ಹೊಟ್ಟೆ ಹೇಗಿದೆ ಅಮ್ಮಾ?"

"ಚೆನ್ನಾಗಿದೆ" ಅಂದಳು ಅಮ್ಮ. ನನ್ನ ಕಡೆ ನೋಡಲಿಲ್ಲ.

"ಇವತ್ತು ಎಷ್ಟು ಸಲ ಹೋದ್ರಿ?"

ಅಮ್ಮ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು. ಮತ್ತೆ ಸುತ್ತಿಕೊಂಡಳು. "ನಾಲ್ಕೈದು ಸಲ. ನೀರು ನೀರಾಗಿ. ನಿನ್ನೆಯಿಂದ."

ಅವಳ ಇನ್ನೊಂದು ಕೈ ನನ್ನ ಕೈಯಲ್ಲೇ ಇತ್ತು. ನಿನ್ನೆಯಿಂದ ಪಕ್ಕದಲ್ಲೇ ಇದ್ದೇನೆ. ನಾನು ನಿದ್ದೆ ಹೋದಾಗ ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಒಬ್ಬಳೇ ಹೋಗಿ ಬಂದಿದ್ದಾಳೆ.

"ಯಾಕಮ್ಮಾ ಹೇಳ್ಲಿಲ್ಲ?"

"ಹೇಳಿದ್ರೆ ಇಂಜೆಕ್ಷನ್ ನಿಲ್ಲಿಸಿಬಿಡ್ತಾರೆ. ಮತ್ತೆ ಆ ಚಳಿ ಬಂದ್ರೆ? ಆ ನಡುಕ ಇನ್ನೊಂದ್ಸಲ ನನ್ ಕೈಲಿ ಆಗಲ್ಲ ಕಣೇ."

ನನಗೆ ಸಿಟ್ಟು ಬರಬೇಕಿತ್ತು. ಅಳು ಬಂತು.

ಸಿಸ್ಟರ್ ಬೈಯಲಿಲ್ಲ. ಮಂಚದ ಅಂಚಿಗೆ ಕೂತು ಬಿಡಿಸಿ ಹೇಳಿದರು. ಈ ಔಷಧಿಯ ಒಂದು ಪಾಲು ಪಿತ್ತದ ಜೊತೆ ಕರುಳಿಗೇ ಬರುತ್ತದೆ. ಸೋಂಕಿನ ಜೊತೆಗೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಸಾಯಿಸುತ್ತದೆ. ಹಾಗಾಗಿ ಸ್ವಲ್ಪ ಭೇದಿ ಆಗುವುದು ಹೊಸದಲ್ಲ. ಆದರೆ ನೀರಾಗಿ ಮತ್ತೆ ಮತ್ತೆ ಹೋದರೆ, ರಕ್ತ ಕಂಡರೆ, ಹೊಟ್ಟೆ ಹಿಂಡಿದ ಹಾಗೆ ನೋವು ಬಂದರೆ, ಜ್ವರ ಮರಳಿದರೆ ಸುಮ್ನೆ ಇರಬಾರದು. ಖಾಲಿಯಾದ ಜಾಗದಲ್ಲಿ ಸಿ. ಡಿಫಿಸಿಲ್ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಬೆಳೆದಿರಬಹುದು. ಭೇದಿ ನಿಲ್ಲಿಸುವ ಮಾತ್ರೆಯನ್ನು ನಾವೇ ತಗೊಂಡು ನುಂಗಬಾರದು. ಇಂಜೆಕ್ಷನ್ ಮುಗಿದು ಎರಡು ತಿಂಗಳಾದ ಮೇಲೂ ಇದು ಬರಬಹುದಂತೆ. ಎರಡು ತಿಂಗಳು! ಅಷ್ಟರಲ್ಲಿ ಇಂಜೆಕ್ಷನ್ ಹಾಕಿಸಿಕೊಂಡದ್ದನ್ನೇ ನಾವು ಮರೆತಿರುತ್ತೇವೆ, ಅಲ್ವಾ?

ಡಾಕ್ಟರ್ ಬಂದು ನೋಡಿದರು. ಮಲ ಪರೀಕ್ಷೆಗೆ ಕಳಿಸಿದ್ದಾರೆ, ನಾಳೆ ಗೊತ್ತಾಗುತ್ತದೆ. ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸುತ್ತಿದ್ದೇನೆ. ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿ ನೋವಿದೆಯಾ ಅಂತ ಕೇಳಿದರು. ಕೆಲವರಿಗೆ ಈ ಔಷಧಿ ಪಿತ್ತಕೋಶದಲ್ಲಿ ಕೆಸರಿನ ಹಾಗೆ ಕೂರುತ್ತದಂತೆ. ಸ್ಕ್ಯಾನಿಂಗ್‌ನಲ್ಲಿ ಕಲ್ಲಿನ ಹಾಗೇ ಕಾಣುತ್ತದೆ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಕರಗುತ್ತದೆ. ಅಮ್ಮನಿಗೆ ಆ ನೋವಿಲ್ಲ. ಈ ಸಲ ನಿಜ ಹೇಳು ಅಂತ ಎರಡು ಸಲ ಕೇಳಿದೆ.

ನಾನು ಹೆದರಿದ್ದು ಬೇರೆಯದಕ್ಕೆ. ತುಂಬಾ ವರ್ಷದ ಹಿಂದೆ ಪೆನ್ಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ತಗೊಂಡಾಗ ಅಮ್ಮನ ಮೈತುಂಬ ದದ್ದು ಎದ್ದಿತ್ತು. ಮೊದಲ ದಿನವೇ ಅದನ್ನು ಹೇಳಿದ್ದೆ. ಮುಖ ಊದಿತ್ತಾ, ಉಸಿರು ಕಟ್ಟಿತ್ತಾ ಅಂತ ಡಾಕ್ಟರ್ ವಿಚಾರಿಸಿದರು. ಇಲ್ಲ ಅಂದೆ. ಪೆನ್ಸಿಲಿನ್ ಆಗದವರಲ್ಲಿ ನೂರಕ್ಕೆ ಹತ್ತು ಜನರಿಗೆ ಇದೂ ಆಗುವುದಿಲ್ಲ ಅಂತ ಹಿಂದೆ ಹೇಳುತ್ತಿದ್ದರಂತೆ, ನಿಜಕ್ಕೂ ಅದಕ್ಕಿಂತ ತುಂಬಾ ಕಡಿಮೆ ಅಂದರು. ಆದರೂ ಮೊದಲ ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅವಳ ಎದೆ ಏರಿಳಿಯುವುದನ್ನೇ ನೋಡುತ್ತಾ ಕೂತಿದ್ದೆ. ದದ್ದಿಗೆ, ಉಸಿರಿಗೆ ಕಾವಲು ಕೂತವಳಿಗೆ ಇದು ಕಾಣಲೇ ಇಲ್ಲ.

ನಿದ್ದೆ ಬರದೆ ಓದುತ್ತಿದ್ದೆ. 1945ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಬ್ರೊಟ್ಸು ಅನ್ನುವ ವಿಜ್ಞಾನಿ, ಚರಂಡಿ ನೀರು ಸಮುದ್ರ ಸೇರುವ ಜಾಗದಲ್ಲಿ ಒಂದು ಬೂಷ್ಟು ಹುಡುಕಿದರಂತೆ. ಅಮ್ಮನ ಈ ಔಷಧಿಯೂ ಸೇರಿದ ಸೆಫಲೋಸ್ಪೊರಿನ್ ಕುಲವೆಲ್ಲ ಅದರಿಂದಲೇ ಬಂದದ್ದು. ಆ ಬೂಷ್ಟು ಸಿಗದೇ ಹೋಗಿದ್ದರೆ ಅಮ್ಮನ ಕಿಡ್ನಿ ಸೋಂಕು ಈಗ ಎಲ್ಲಿಗೆ ಮುಟ್ಟಿರುತ್ತಿತ್ತೋ. ಔಷಧಿಯ ಮೇಲೆ ನನಗೆ ಕೋಪ ಇಲ್ಲ. ಜ್ವರ ಬಿಡಿಸಿದ್ದೂ ಅದೇ.

ಒಂದು ನೋಟ್‌ಬುಕ್ ಮಾಡಿದ್ದೇನೆ. ಎಷ್ಟು ಗಂಟೆಗೆ ಹೋದಳು, ಎಷ್ಟು ನೀರು ಕುಡಿದಳು, ಎಲ್ಲ ಬರೆಯುವುದಕ್ಕೆ. ಅಮ್ಮನಿಗೆ ತೋರಿಸಿದೆ. "ಇದನ್ನೆಲ್ಲ ಬರೀತಾರೇನೇ" ಅಂತ ನಾಚಿಕೊಂಡಳು. ಹಗಲಿನ ಲೆಕ್ಕ ಅವಳೇ ಹೇಳಿದಳು. ರಾತ್ರಿಯದು ಕೇಳಿದ್ದಕ್ಕೆ ಮಾತ್ರ

ಮಂಚ ಕಿರ್ ಅಂತು. ಎದ್ದಳು ಅಂತ ಕಾಣುತ್ತದೆ.