ಚಂದ್ರಗಿರಿ ದಾಟಿ ಕಳರಿಗೆ

ಕೇರಳದ ಸಮರವಿದ್ಯೆ ಕಳರಿಪಯಟ್ಟು ಕಲಿಸುವ ಕಳರಿ ನೋಡಲೆಂದು ಕಾಸರಗೋಡಿನ ಕಡೆ ಹೊರಡುವವರು ಮೊದಲು ತಿಂಗಳು ನೋಡಿಕೊಳ್ಳಬೇಕು. ಚಳಿಗಾಲದಲ್ಲಿ ಹೋದರೆ ರೆಸಾರ್ಟಿನ ವೇದಿಕೆಯ ಮೇಲೆ ಕತ್ತಿವರಸೆ ಸಿಗುತ್ತದೆ. ಕಿಡಿ ಹಾರುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೇ. ಅಭ್ಯಾಸ ನೋಡಬೇಕಿದ್ದರೆ ಮಳೆ ಹಿಡಿದ ಮೇಲೆ, ಜೂನ್‌ನಿಂದ ಆಗಸ್ಟ್ ನಡುವೆ ಹೋಗಬೇಕು. ಹಸಿ ಹವೆಯಲ್ಲಿ ಎಣ್ಣೆ ಮೈಗೆ ಹಿಡಿಯುತ್ತದೆ, ಒಮ್ಮೆ ಬಿಸಿಯಾದ ಸ್ನಾಯು ಬೇಗ ಆರುವುದಿಲ್ಲ, ಮೈ ಹೇಳಿದಂತೆ ಬಾಗುತ್ತದೆ ಎನ್ನುವುದು ಕಳರಿಯವರ ಲೆಕ್ಕ. ಮಲಯಾಳದ ಕರ್ಕಾಟಕ ಮಾಸವೇ ನಮ್ಮ ತುಳುನಾಡಿನ ಆಟಿ ತಿಂಗಳು. ಆಟಿ ಅಮಾವಾಸ್ಯೆಗೆ ಬೆಳಗಿನ ಜಾವವೇ ಹಾಲೆಮರದ ತೊಗಟೆ ಕೆತ್ತಿ ತಂದು ಕಷಾಯ ಕುಡಿಯುವ ಜನಕ್ಕೆ ಈ ತಿಂಗಳಲ್ಲಿ ಮೈಯ ಕಡೆ ಯಾಕೆ ಇಷ್ಟು ಗಮನ ಎಂದು ವಿವರಿಸಬೇಕಿಲ್ಲ.

ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿ.ಮೀ. ಅಲ್ಲಿಂದ ಮುಂದೆ ಎರಡು ದಾರಿ: ಒಂದು ಹೆದ್ದಾರಿ, ಇನ್ನೊಂದು ಚಂದ್ರಗಿರಿ ಸೇತುವೆ ದಾಟಿ ಬೇಕಲದ ಮೇಲೆ ಕಾಞಂಗಾಡಿಗೆ ಹೋಗುವ ಕರಾವಳಿ ರಸ್ತೆ. ಎರಡನೆಯದನ್ನೇ ಹಿಡಿಯುವುದು ಒಳ್ಳೆಯದು. ದಾರಿಯಲ್ಲಿ ಕೆಳದಿಯವರ ಚಂದ್ರಗಿರಿ ಕೋಟೆ, ಬೇಕಲದ ಕೋಟೆ ಸಿಗುತ್ತವೆ; ಕಾಞಂಗಾಡು ಮುಟ್ಟಿದರೆ ತಾಲೂಕಿನ ಹೆಸರೇ ಹೊಸದುರ್ಗ, ಅಪ್ಪಟ ಕನ್ನಡ. ಆದರೆ ಈ ದಾರಿಗೆ ಬೇರೆ ಕಾರಣವೂ ಇದೆ. ಚಂದ್ರಗಿರಿ ಹೊಳೆ ಹಿಂದೆ ತುಳುನಾಡಿಗೂ ಮಲಯಾಳಕ್ಕೂ ಗಡಿ. ಹೊಳೆಯ ಬಡಗು ಕಡೆ ‘ಗರಡಿ’, ತೆಂಕು ಕಡೆ ‘ಕಳರಿ’. ಎರಡೂ ಒಂದೇ ಮೂಲದ ಪದಗಳೆಂದು ವಿದ್ವಾಂಸರು ಹೇಳುತ್ತಾರೆ, ಸಂಸ್ಕೃತದ ‘ಖಲೂರಿಕಾ’ದ ಜೊತೆಗೂ ತಳುಕು ಹಾಕುತ್ತಾರೆ. ಪದ ಒಂದೇ ಆದರೂ ಉಳಿದ ವಸ್ತು ಬೇರೆ. ಬಡಗಿನಲ್ಲಿ ಗರಡಿ ಎಂದರೆ ತುಳುನಾಡಿನ ಅವಳಿ ವೀರರಾದ ಕೋಟಿ-ಚೆನ್ನಯರ ಸ್ಥಾನ. ಆಯುಧ ಪೂಜೆಗೆ ಕೂತಿದೆ, ಸಾಧನೆ ನಿಂತಿದೆ. ತೆಂಕಿನಲ್ಲಿ ದೇವರೂ ಇದ್ದಾರೆ, ಅವರೆದುರು ಬೆವರೂ ಸುರಿಯುತ್ತದೆ.

ಹೊಸದುರ್ಗ ತಾಲೂಕಿನ ತೆಂಕು ಭಾಗ, ನೀಲೇಶ್ವರ, ಚೆರುವತ್ತೂರು, ತೃಕ್ಕರಿಪುರದ ಕಡೆಯ ಊರುಗಳಲ್ಲಿ ವಿಚಾರಿಸಿದರೆ ಕಳರಿ ಎಲ್ಲಿದೆ ಎಂದು ತೋರಿಸುತ್ತಾರೆ. ಬೆಳಗ್ಗೆ ಆರಕ್ಕೆ ಅಥವಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಬೇಕು. ನಡುಹಗಲಿನಲ್ಲಿ ಹೋದರೆ ಬೀಗ ನೋಡಿಕೊಂಡು ಬರಬೇಕಾದೀತು. ಹಿಂದಿನ ದಿನವೇ ಅನುಮತಿ ಕೇಳಿಡಿ. ಕಲಿಸುವವರನ್ನು ಕರೆಯುವುದು ‘ಗುರುಕ್ಕಳ್’ ಎಂದು. ನಮ್ಮ ‘ಗುರುಗಳು’ ಎಂಬಂತೆ ಅದೂ ಗೌರವದ ಬಹುವಚನ. ಬರಿಗೈಯಲ್ಲಿ ಹೋಗುವುದಕ್ಕಿಂತ ವೀಳ್ಯದೆಲೆ, ಅಡಿಕೆ, ಒಂದು ನಾಣ್ಯ ಹಿಡಿದು ಹೋದರೆ ಮಾತು ಸಲೀಸಾಗುತ್ತದೆ.

ಹೊರಗಿನಿಂದ ನೋಡಿದರೆ ಮಾಡು ತಗ್ಗಿದ ಒಂದು ಕೊಟ್ಟಿಗೆ. ಒಳಗೆ ಇಳಿಯಬೇಕು, ಯಾಕೆಂದರೆ ಸಾಂಪ್ರದಾಯಿಕ ಕಳರಿ ನೆಲ ಅಗೆದು ಮಾಡಿದ ಕುಳಿ. ಅಳತೆ 42 ಅಡಿ ಉದ್ದ, 21 ಅಡಿ ಅಗಲ; ಉದ್ದ ಪೂರ್ವ-ಪಶ್ಚಿಮ, ಬಾಗಿಲು ಪೂರ್ವಕ್ಕೆ, ಆಳ ಸುಮಾರು ಮೂರೂವರೆ-ನಾಲ್ಕು ಅಡಿ. ಸುತ್ತ ಮುರಕಲ್ಲಿನ ಅಂಚು, ಮೇಲೆ ಹೆಣೆದ ಮಡಲಿನ ಮಾಡು, ಈಗ ಹಲವು ಕಡೆ ಹಂಚು ಅಥವಾ ತಗಡು. ಕುಳಿ ಯಾಕೆ? ಎಣ್ಣೆ ಹಚ್ಚಿ ಬೆವರಿದ ಮೈಗೆ ಬೀಸುಗಾಳಿ ನೇರ ತಾಗಬಾರದು. ಗಾಳಿ ತಲೆಯ ಮೇಲೆ ಹಾದುಹೋಗುತ್ತದೆ, ಕೆಳಗೆ ಬೆಚ್ಚಗಿರುತ್ತದೆ. ತಗಡು ಹೊದೆಸಿದ ಕಡೆ ಈ ಲೆಕ್ಕ ತಪ್ಪುತ್ತದೆ: ಬಿಸಿಲಿಗೆ ಕಾಯುತ್ತದೆ, ಮಳೆಗೆ ಗುರುಕ್ಕಳ್ ಮಾತೇ ಕೇಳಿಸುವುದಿಲ್ಲ. ಕುಳಿಗೆ ಅದರದೇ ತೊಂದರೆಯೂ ಉಂಟು. ಸುತ್ತಲಿನ ಚರಂಡಿ ಕಟ್ಟಿದರೆ ನೀರು ಒಸರಿ ನೆಲ ಕೆಸರಾಗುತ್ತದೆ, ಕಾಲು ಜಾರುತ್ತದೆ. ಹಾಗಾಗಿ ಮಳೆಗೆ ಮುಂಚೆ ಚರಂಡಿ ಬಿಡಿಸಿ, ನೆಲಕ್ಕೆ ಕೆಂಪು ಮಣ್ಣು ಹಾಕಿ ಪೆಟ್ಟಣೆಯಿಂದ ಬಡಿದು ಗಟ್ಟಿ ಮಾಡುತ್ತಾರೆ. ಸಿಮೆಂಟು ಹಾಕಿಬಿಟ್ಟರೆ ಸುಲಭ, ಆದರೆ ಹಾರಿ ಇಳಿಯುವ ಮಂಡಿಗೆ ಅದು ಶತ್ರು.

ಒಳಗೆ ಬಲಗಾಲಿಟ್ಟು ಇಳಿದು, ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ಎದುರು ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲ, ಕಾಲುವೃತ್ತದ ಕಟ್ಟೆಯೇ ‘ಪೂತ್ತರ’, ದೇವರ ಸ್ಥಾನ. ಪೂ ಎಂದರೆ ಹೂ, ತರ ಎಂದರೆ ಕಟ್ಟೆ. ಪಕ್ಕದಲ್ಲಿ ಗುರುಪರಂಪರೆಯ ‘ಗುರುತ್ತರ’, ಅಲ್ಲಿ ದೀಪ. ನೋಡಲು ಬಂದವರಿಗೆ ಸಾಮಾನ್ಯವಾಗಿ ಬಾಗಿಲ ಪಕ್ಕದ ಗೋಡೆ ಬದಿಯೇ ಜಾಗ. ಫೋಟೊ ತೆಗೆಯುವ ಉಮೇದಿನಲ್ಲಿ ನಡುವೆ ಹಾಯುವುದು ಬೇಡ. ಅದು ಅವಮರ್ಯಾದೆ ಮಾತ್ರವಲ್ಲ, ಅಪಾಯ ಕೂಡ.

ಮೊದಲ ಅರ್ಧ ಗಂಟೆ ಆಯುಧವೇ ಕಾಣುವುದಿಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಬೇಸರ ಬರುವುದು ಇಲ್ಲೇ, ನೋಡಬೇಕಾದದ್ದೂ ಇದೇ. ಕಲಿಕೆಯ ಮೊದಲ ಹಂತ ಮೆಯ್ತಾರಿ, ಅಂದರೆ ಮೈಯ ಕೆಲಸ. ಕಾಲೆತ್ತುವುದರಿಂದ ಶುರು: ನೇರ ಎತ್ತುವುದು, ಬದಿಯಿಂದ ಬೀಸುವುದು, ಓರೆಯಾಗಿ ಎತ್ತುವುದು, ಎತ್ತಿ ಹಾಗೇ ಕೂರುವುದು. ಪಾದ ತಲೆಯ ಮೇಲೆ ಚಾಚಿದ ಅಂಗೈಗೆ ತಾಗಬೇಕು. ಹೊಸಬರು ಮಾಡುವ ತಪ್ಪು ಎಲ್ಲ ಕಡೆಯೂ ಒಂದೇ. ಎತ್ತಿದ ಕಾಲಿನ ಎತ್ತರ ನೋಡಿಕೊಂಡು ನಿಂತ ಕಾಲನ್ನು ಮರೆಯುತ್ತಾರೆ. ನಿಂತ ಮಂಡಿ ಮಡಚುತ್ತದೆ, ಹಿಮ್ಮಡಿ ನೆಲ ಬಿಡುತ್ತದೆ, ಬೆನ್ನು ಗೂನಾಗುತ್ತದೆ; ಎತ್ತರ ಸಿಕ್ಕಿದಂತೆ ಕಾಣುತ್ತದೆ, ತೊಡೆಯ ಹಿಂಭಾಗ ಮಾತ್ರ ಬಿಗಿಯಾಗಿಯೇ ಉಳಿಯುತ್ತದೆ. ಮೈ ಬಿಸಿಯಾಗುವ ಮುಂಚೆ ಹಟಕ್ಕೆ ಬಿದ್ದು ಎತ್ತಿದರೆ ಅದೇ ಸ್ನಾಯು ಹರಿಯುತ್ತದೆ, ಆಮೇಲೆ ವಾರಗಟ್ಟಲೆ ಕುಂಟಬೇಕು.

ಆಮೇಲೆ ವಡಿವುಗಳು, ಅಂದರೆ ಮೈಯ ನಿಲುವುಗಳು: ಆನೆ, ಸಿಂಹ, ಕುದುರೆ, ಹಂದಿ, ಹಾವು, ಬೆಕ್ಕು, ಕೋಳಿ, ನವಿಲು. ಇವು ಪ್ರಾಣಿಗಳ ಅಣಕವಲ್ಲ, ತೂಕ ಹಂಚುವ ಎಂಟು ಬಗೆ. ಗಜವಡಿವು ಒಂದನ್ನೇ ಗಮನವಿಟ್ಟು ನೋಡಿ. ಕಾಲು ಅಗಲಿಸಿ, ತೊಡೆ ಹೆಚ್ಚುಕಡಿಮೆ ನೆಲಕ್ಕೆ ಸಮವಾಗುವಷ್ಟು ಕುಗ್ಗಿ, ತೂಕ ಎರಡೂ ಪಾದಕ್ಕೆ ಸಮ ಬೀಳಬೇಕು. ಮಂಡಿ ಬೆರಳುಗಳ ದಿಕ್ಕಿಗೇ ಇರಬೇಕು. ಒಳಕ್ಕೆ ವಾಲಿದರೆ ಮೊದಲು ನೋಯುವುದು ಅದೇ. ಸೊಂಟ ಒಳಕ್ಕೆ ಮಡಚಿಕೊಂಡರೆ ಮುಂದಿನ ಹೆಜ್ಜೆಗೆ ಬೇಕಾದ ಚಿಮ್ಮು ಬರುವುದಿಲ್ಲ. ಗುರುಕ್ಕಳ್ ಒಂದೇ ಉಸಿರಿಗೆ ಹೇಳುತ್ತಾ ಹೋಗುವ ಆದೇಶಗಳ ಸಾಲಿಗೆ ‘ವಾಯ್ತಾರಿ’ ಎನ್ನುತ್ತಾರೆ. ವಲದು, ಇಡದು, ಕಾಲ್, ಕೈ ಎಂಬ ಮಾತುಗಳು ಕನ್ನಡ ಕಿವಿಗೂ ಅರ್ಧ ತಿಳಿಯುತ್ತವೆ. ಆ ಲಯ ಎಲ್ಲಿ ತುಂಡಾಗುತ್ತದೋ ಅಲ್ಲೇ ಮೈಯೂ ಮುಗ್ಗರಿಸುತ್ತದೆ.

ಎರಡನೆಯ ಹಂತ ಕೋಲ್ತಾರಿ, ಮರದ ಆಯುಧಗಳದ್ದು. ಆಳೆತ್ತರಕ್ಕೆ ಸ್ವಲ್ಪ ಕಡಿಮೆಯಾದ ಉದ್ದ ಕೋಲು ಕೆಟ್ಟುಕಾರಿ. ಗಟ್ಟಿಮರದ ಗಿಡ್ಡ ಕೋಲು ‘ಮುಚ್ಚಾಣ್’, ಹೆಸರೇ ಹೇಳುವಂತೆ ಮೂರು ಗೇಣು. ಗಿಡ್ಡ ಕೋಲಿನ ಏಟು ಎಷ್ಟು ಬೇಗ ಬೀಳುತ್ತದೆಂದರೆ ಲೆಕ್ಕ ಇಡಲಾಗದು. ಕಣ್ಣು ಕೋಲಿನ ಮೇಲಿಟ್ಟವನಿಗೆ ಬೆರಳಿನ ಗಂಟಿಗೆ ಏಟು ಖಂಡಿತ. ಕಣ್ಣು ಎದುರಾಳಿಯ ಕಣ್ಣಿನಲ್ಲಿರಬೇಕು. ಆನೆಯ ಸೊಂಡಿಲಿನಂತೆ ಬಾಗಿದ ‘ಒಟ್ಟ’ ಮರ್ಮಕ್ಕೆ ಕೈ ಹಾಕುವ ವಿದ್ಯೆಯ ಹೊಸ್ತಿಲು, ಎಲ್ಲರಿಗೂ ಕೊಡುವುದಿಲ್ಲ.

ಮೂರನೆಯದು ಅಂಕತ್ತಾರಿ, ಲೋಹದ ಆಯುಧಗಳದ್ದು: ಕಠಾರಿ, ಕತ್ತಿ-ಗುರಾಣಿ, ಈಟಿ, ಉರುಮಿ. ಈ ‘ಅಂಕ’ ನಮ್ಮ ಕೋಳಿಅಂಕದ ಅಂಕವೇ. ಉರುಮಿ ನಾಲ್ಕೈದು ಅಡಿಯ, ನಡುಪಟ್ಟಿಯಂತೆ ಸುತ್ತಿಡಬಹುದಾದ ತೆಳ್ಳನೆಯ ಉಕ್ಕು. ಅದನ್ನು ಕಡೆಗೆ ಕಲಿಸುವುದಕ್ಕೆ ಕಾರಣ ಸರಳ: ಬೀಸು ನಿಂತರೆ ಅಲಗು ಮರಳಿ ಬೀಸಿದವನ ಮೈಗೇ ಬರುತ್ತದೆ. ಹೆದರಿ ಕೈ ತಡೆದವನಿಗೇ ಗಾಯ. ಉರುಮಿ ಬಿಚ್ಚಿದ ಮೇಲೆ ನೋಡುಗರು ಗೋಡೆಗೆ ಒತ್ತಿ ನಿಂತು, ಆಟ ಮುಗಿದು ಅಲಗು ಸುತ್ತುವವರೆಗೂ ಕದಲಬಾರದು.

ಇದೆಲ್ಲ ಅಖಂಡವಾಗಿ ನಡೆದುಬಂದದ್ದೇನಲ್ಲ. ಪಳಶ್ಶಿ ರಾಜನ ದಂಗೆಯ ಹೊತ್ತಿನಲ್ಲಿ, ಹತ್ತೊಂಬತ್ತನೇ ಶತಮಾನದ ಆರಂಭಕ್ಕೆ, ಬ್ರಿಟಿಷರು ಮಲಬಾರಿನಲ್ಲಿ ಆಯುಧ ಕಿತ್ತುಕೊಳ್ಳತೊಡಗಿದರು. ಕಳರಿಗಳು ಕತ್ತಿ ಕೆಳಗಿಟ್ಟು ಎಣ್ಣೆ ಉಜ್ಜುವ ಚಿಕಿತ್ಸೆಯ ನೆರಳಿನಲ್ಲಿ ಬದುಕಿದವು. ವಡಕರ-ತಲಶ್ಶೇರಿ ಕಡೆಯ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್ ಚದುರಿದ್ದನ್ನು ಒಟ್ಟುಮಾಡಿದರು, ಶಿಷ್ಯ ಸಿ.ವಿ. ನಾರಾಯಣನ್ ನಾಯರ್ ಅದನ್ನು ಸಾರ್ವಜನಿಕ ಪ್ರದರ್ಶನಕ್ಕೆ ತಂದರು. ನಾಯರ್ 1944ರಲ್ಲಿ ತೀರಿಕೊಂಡರೂ ಸಿ.ವಿ.ಎನ್. ಹೆಸರಿನ ಕಳರಿಗಳು ಹಬ್ಬಿದವು. ವಡಕರದ ಮೀನಾಕ್ಷಿ ಅಮ್ಮನಿಗೆ 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಕಳರಿಗೆ ಹೆಣ್ಣುಮಕ್ಕಳನ್ನು ಕಳಿಸುವವರ ಅಳುಕೂ ಕಡಿಮೆಯಾಗಿರಬೇಕು. ಕಳರಿಪಯಟ್ಟು ಖೇಲೋ ಇಂಡಿಯಾ ಯೂತ್ ಗೇಮ್ಸ್‌ಗೆ ಸೇರಿತು. ಆದರೆ 2025ರ ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಮತ್ತೆ ಪದಕದ ಲೆಕ್ಕಕ್ಕೆ ಸೇರದ ಪ್ರದರ್ಶನದ ಪಟ್ಟಿಗೆ ಇಳಿಯಿತು. ಪದಕದ ದಾರಿಯಿಂದ ಮಕ್ಕಳು ಬರುತ್ತಾರೆ ಎನ್ನುವುದು ನಿಜ. ಪಾಯಿಂಟು ಸಿಗುವ ಎತ್ತರದ ಒದೆತಕ್ಕೇ ಅಭ್ಯಾಸ ಕುಗ್ಗಿದರೆ ಗಜವಡಿವಿನಲ್ಲಿ ಕೂರುವವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ನಿಜ.

ಉಳಿಚ್ಚಿಲ್, ಅಂದರೆ ಮೈ ಉಜ್ಜಿಸಿಕೊಳ್ಳುವ ಮನಸ್ಸಿದ್ದರೆ ಒಂದು ದಿನದ ಪ್ಯಾಕೇಜಿಗೆ ಮರುಳಾಗಬೇಡಿ. ಹಗ್ಗ ಹಿಡಿದು ಪಾದದಿಂದ ಉಜ್ಜುವ ಕ್ರಮ 7, 14 ಅಥವಾ 21 ದಿನದ್ದು. ಎಷ್ಟು ದಿನ ಉಜ್ಜಿಸಿಕೊಂಡರೋ ಅಷ್ಟೇ ದಿನ ಪಥ್ಯ: ಹಗಲುನಿದ್ದೆ, ತಣ್ಣೀರು, ಭಾರ ಎತ್ತುವುದು ಬಿಡಬೇಕು. ಅಷ್ಟು ರಜೆ ಇಲ್ಲದವರು ಬರೀ ನೋಡಿ ಬರುವುದು ಮೇಲು.

ಮಳೆಗಾಲದಲ್ಲಿ ಬರಲಾಗದವರು ತೆಯ್ಯಂ (ನಮ್ಮ ಭೂತಕೋಲದಂಥ ಆರಾಧನೆ) ಕಾಲದಲ್ಲಿ, ಅಕ್ಟೋಬರ್ ಕೊನೆಯಿಂದ ಮೇ ತನಕ, ಬಂದು ಕದಿವನೂರ್ ವೀರನ್ ತೆಯ್ಯಂ ಎಲ್ಲಿದೆ ಎಂದು ಕೇಳಬೇಕು. ಮಾಂಗಾಟ್ ಮಂದಪ್ಪನೆಂಬ ಆ ವೀರ ಮಲಬಾರಿನಿಂದ ಕೊಡಗಿಗೆ ಹೋಗಿ ನೆಲಸಿದವನು. ಕೊಡವರ ಜೊತೆಗಿನ ಕಾಳಗ ಗೆದ್ದು ಮರಳುವಾಗ ಉಂಗುರವಿದ್ದ ಬೆರಳು ತುಂಡಾಗಿರುವುದು ಕಂಡು, ಅದನ್ನು ಹುಡುಕಿಕೊಂಡು ಹಿಂದೆ ಹೋಗಿ ಸತ್ತ. ಹೆಂಡತಿ ಚೆಮ್ಮರತ್ತಿಯ ಹೆಸರಿನ ದೀಪದ ಕಟ್ಟೆಯ ಸುತ್ತ ಅವನ ತೆಯ್ಯಂ ಕತ್ತಿ-ಗುರಾಣಿ ಹಿಡಿದು ಬೆಳಗಿನ ಜಾವ ಸುತ್ತುವಾಗ ಮುಖವರ್ಣಿಕೆ ಬಿಟ್ಟು ಕಾಲು ನೋಡಿ. ಕಳರಿಯ ಕುಳಿಯ ಅದೇ ಹೆಜ್ಜೆ, ಅದೇ ಕುಗ್ಗಿದ ಮಂಡಿ.