ಹೊಳೆಯ ಈಚೆ ಅಜ್ಜ, ಆಚೆ ಅಜ್ಜಿ

ಹೋದ ವರ್ಷ ಪೌತಿ ಖಾತೆಗೆಂದು, ಅಂದರೆ ತೀರಿಕೊಂಡವರ ಹೆಸರಿನ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲೆಂದು, ವಂಶವೃಕ್ಷದ ಅರ್ಜಿ ತುಂಬುವಾಗ, ಅಜ್ಜನ ತಂದೆಯ ಹೆಸರು ಬರೆಯಬೇಕಾದ ಜಾಗದಲ್ಲಿ ನನ್ನ ಪೆನ್ನು ನಿಂತಿತು. ಪಹಣಿಯಲ್ಲಿ ಒಂದು ಹೆಸರಿತ್ತು, ಅಪ್ಪ ಬದುಕಿದ್ದಾಗ ಹೇಳುತ್ತಿದ್ದುದು ಇನ್ನೊಂದು. ಹಿಂದೆಲ್ಲ ಸುಗ್ಗಿ ಮುಗಿಯುವ ಹೊತ್ತಿಗೆ ಎತ್ತನ್ನೇರಿ ಹೆಳವರು ಬರುತ್ತಿದ್ದರು, ಚೋಪಡಿ ಬಿಚ್ಚಿ ತಲೆಮಾರುಗಳ ಹೆಸರನ್ನು ಓದಿ ಕಾಳು ಪಡೆದು ಹೋಗುತ್ತಿದ್ದರು ಎಂದು ಸೋದರತ್ತೆ ನೆನೆಯುತ್ತಾರೆ. ನಮ್ಮ ಓಣಿಗೆ ಅವರು ಬಂದು ಎಷ್ಟೋ ವರ್ಷಗಳಾದವು. ಹೀಗಾಗಿ ಮೊಬೈಲ್ ಹಿಡಿದು ಹೆಳವರ ಕೆಲಸಕ್ಕೆ ನಾನೇ ಕುಳಿತೆ.

ಎಲ್ಲರಂತೆ ನಾನೂ ಹೆಸರಿನಿಂದಲೇ ಆರಂಭಿಸಿ ಒಂದು ತಿಂಗಳು ಹಾಳು ಮಾಡಿಕೊಂಡೆ. ಅಮೆರಿಕದ ಚರ್ಚೊಂದು ಉಚಿತವಾಗಿ ನಡೆಸುವ ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಯಾತ್ರೆಗೆ ಬಂದವರ ವಂಶಾವಳಿ ಬರೆದಿಡುವ ಹರಿದ್ವಾರದ ಪಂಡಾಗಳ, ಅಂದರೆ ಅಲ್ಲಿನ ಪುರೋಹಿತರ, ವಹಿಗಳ ಚಿತ್ರಗಳೂ ಇವೆಯೆಂದು ತಿಳಿದು ಆಸೆಪಟ್ಟಿದ್ದೆ. ಆದರೆ ನಮ್ಮಂಥ ಒಕ್ಕಲುತನದ ಮನೆಯವರು ಹರಿದ್ವಾರಕ್ಕೆ ಹೋಗಿದ್ದಾದರೂ ಯಾವಾಗ? ಅಂಜನಾದ್ರಿ ಬೆಟ್ಟ ಇರುವ ಗಂಗಾವತಿ ತಾಲ್ಲೂಕಿನಲ್ಲಿ ಹನುಮಪ್ಪ ಎಂದು ಹುಡುಕುವುದು ಹೊಳೆಯಲ್ಲಿ ನೀರು ಹುಡುಕಿದಂತೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿಯೂ ಸೇರಿಕೊಂಡು, ಅಜ್ಜನನ್ನೂ ಅವನ ಅಜ್ಜನನ್ನೂ ಒಬ್ಬನೇ ಎಂದು ತಿಳಿದು ನಾನು ಬರೆದ ಮೊದಲ ವೃಕ್ಷದಲ್ಲಿ ಒಬ್ಬ ಮನುಷ್ಯ ನೂರಾ ನಲವತ್ತು ವರ್ಷ ಬದುಕಿದ್ದ.

ನಮ್ಮ ಭಾಗದಲ್ಲಿ ಹೆಸರಿಗಿಂತ ಮೊದಲು ಊರನ್ನು ಹಿಡಿಯಬೇಕು, ಆ ಊರು ಯಾವ ವರ್ಷ ಯಾರ ಕೈಯಲ್ಲಿತ್ತು ಎಂಬುದನ್ನು ಹಿಡಿಯಬೇಕು. ನನ್ನ ಅಜ್ಜ ಗಂಗಾವತಿ ಕಡೆಯವನು, ಅಜ್ಜಿ ಕಂಪ್ಲಿಯವಳು. ನಡುವೆ ಇರುವುದು ತುಂಗಭದ್ರೆ ಒಂದೇ. ಆದರೆ ಮದುವೆಯಾಗಿ ಹರಿಗೋಲಿನಲ್ಲಿ ಹೊಳೆ ದಾಟಿದ ಅಜ್ಜಿ ಮದ್ರಾಸ್ ಪ್ರಾಂತದಿಂದ ನಿಜಾಮನ ರಾಜ್ಯಕ್ಕೆ ಬಂದಿದ್ದಳು. 1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ, ಕಂಪ್ಲಿಯೂ ಸೇರಿದ ಬಳ್ಳಾರಿ ಸೀಮೆ ಮೈಸೂರಿಗೆ ಸೇರಿದ್ದು 1953ರಲ್ಲಿ. ಗಂಗಾವತಿ ಆಗ ಇದ್ದ ರಾಯಚೂರು ಜಿಲ್ಲೆ ಸೇರಿದ್ದು 1956ರಲ್ಲಿ. ಗಂಗಾವತಿಯನ್ನೂ ಸೇರಿಸಿಕೊಂಡು ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಅಜ್ಜನ ಕಡೆಯ ಹಳೆಯ ಕಾಗದಗಳು ಉರ್ದುವಿನಲ್ಲಿ, ಅಜ್ಜಿಯ ಕಡೆಯವು ಇಂಗ್ಲಿಷ್ ಮತ್ತು ತೆಲುಗು ಬೆರೆತ ಕನ್ನಡದಲ್ಲಿ. ಆದೋನಿ, ಆಲೂರು, ರಾಯದುರ್ಗಗಳ ನೆಂಟರಿರುವವರಂತೂ ಆಂಧ್ರದ ಭೂದಾಖಲೆಗಳನ್ನು ನೋಡಬೇಕು, ಏಕೆಂದರೆ ಆ ತಾಲ್ಲೂಕುಗಳು 1953ರಲ್ಲಿ ಬಳ್ಳಾರಿಯಿಂದ ಅತ್ತ ಹೋದವು. ಊರುಗಳ ಹಳೆಯ ಹೆಸರು, ತಾಲ್ಲೂಕಿನ ಗಡಿ ತಿಳಿಯಲು 1904ರ ಬಳ್ಳಾರಿ ಗೆಜೆಟಿಯರ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನಿಮ್ಮ ಪೂರ್ವಜರ ಹೆಸರು ಇರುವುದಿಲ್ಲ. ಆದರೆ 1876–78ರ ಧಾತು ಬರದ ವಿವರ ಓದಿದರೆ ಎಷ್ಟೋ ಮನೆತನಗಳ ಕಥೆ ಅಲ್ಲಿಂದ ಹಿಂದಕ್ಕೆ ಏಕೆ ಹೋಗುವುದಿಲ್ಲ ಎಂಬುದು ತಿಳಿಯುತ್ತದೆ.

ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿ ಪಹಣಿ ನೋಡುವುದು ಈಗ ಎಲ್ಲರಿಗೂ ಗೊತ್ತು. ಅದಕ್ಕೂ ಹಿಂದಿನದಕ್ಕೆ ಕೈಬರಹದ ಪಹಣಿ, ಹಕ್ಕು ಬದಲಾದದ್ದನ್ನು ಬರೆದಿಡುವ ಮ್ಯುಟೇಶನ್ ವಹಿಗಳೇ ಗತಿ. ತಹಶೀಲ್ದಾರ್ ಕಚೇರಿಗಳ ದಾಖಲೆ ಕೊಠಡಿಯ ಕಾಗದಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿರುವುದರಿಂದ ಅವುಗಳನ್ನೂ ಹುಡುಕಬಹುದು. ಸರ್ವೆ ನಂಬರ್ ಒಂದು ಕೈಯಲ್ಲಿದ್ದರೆ ಅರ್ಧ ದಾರಿ ಸವೆದಂತೆ.

ಆದರೆ ನನ್ನ ಗಂಟು ಬಿಚ್ಚಿದ್ದು ಸರ್ಕಾರದ ಯಾವ ತಾಣವೂ ಅಲ್ಲ. ಎರಡು ಹೆಸರಿನ ಗೊಂದಲವನ್ನು ಬರೆದು ಸಂಬಂಧಿಕರ ವಾಟ್ಸ್ಯಾಪ್ ಗುಂಪಿಗೆ ಹಾಕಿದಾಗ, ಸಿಂಧನೂರಿನಲ್ಲಿರುವ ದೊಡ್ಡಪ್ಪನ ಮಗ ತನ್ನ ತಾಯಿಯ ಟ್ರಂಕಿನ ತಳದಲ್ಲಿದ್ದ ಒಂದು ಛಾಪಾ ಕಾಗದದ ಚಿತ್ರ ಕಳುಹಿಸಿದ. ನಾಲ್ಕು ಮಡಿಕೆಯ ಗೆರೆಗಳಲ್ಲಿ ಹರಿದು, ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು; ಕೆಳಗೆ ಸಹಿಯ ಬದಲು ನೀಲಿಯ ಹೆಬ್ಬೆರಳ ಗುರುತು. ಕೊಪ್ಪಳದ ನಿವೃತ್ತ ಉರ್ದು ಮಾಸ್ತರರೊಬ್ಬರು ಚಿತ್ರವನ್ನು ದೊಡ್ಡದು ಮಾಡಿಕೊಂಡು ಓದುತ್ತಾ, ಅಜ್ಜನ ಹೆಸರಿನ ಮುಂದೆ ಬೆರಳಿಟ್ಟು ನಿಂತರು. ಸಾಮಾನ್ಯವಾಗಿ ಅಲ್ಲಿ ‘ವಲ್ದ್’ ಎಂದಿರುತ್ತದೆ, ಇಂಥವನ ಮಗ ಎಂದರ್ಥ. ಇಲ್ಲಿ ‘ಮುತಬನ್ನಾ’ ಎಂದಿದೆ, ನಿಮ್ಮ ಅಜ್ಜ ದತ್ತು ಹೋಗಿದ್ದಾರೆ ಎಂದರು. ಪಹಣಿಯಲ್ಲಿದ್ದುದು ಸಾಕಿದ ತಂದೆ, ಅಪ್ಪ ಹೇಳುತ್ತಿದ್ದುದು ಹೆತ್ತ ತಂದೆ. ಇಬ್ಬರೂ ಸರಿಯೇ ಆಗಿದ್ದರು. ಕಾಗದದ ಮೇಲಿನ ವರ್ಷ 1338 ಫಸ್ಲಿ; ಫಸ್ಲಿ ಎಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. ಫಸ್ಲಿಗೆ 590 ಸೇರಿಸಿದರೆ ಆ ಫಸ್ಲಿ ವರ್ಷ ಆರಂಭವಾದ ಇಸವಿ ಸಿಗುತ್ತದೆ, ಅಂದರೆ 1928.

ಈಗ ವೃಕ್ಷದಲ್ಲಿ ಅಜ್ಜನಿಗೆ ಎರಡು ಬೇರುಗಳನ್ನು ತೋರಿಸಿ, ಪ್ರತಿ ಹೆಸರಿನ ಕೆಳಗೆ ಅದು ಯಾವ ಕಾಗದದಿಂದ ಅಥವಾ ಯಾರ ಬಾಯಿಂದ ಬಂತೆಂದು ಬರೆದಿಟ್ಟಿದ್ದೇನೆ. ಬದುಕಿರುವವರ ಹುಟ್ಟಿದ ದಿನ, ಆಧಾರ್, ಆಸ್ತಿಯ ವಿವರಗಳನ್ನು ಮಾತ್ರ ಯಾವ ಜಾಲತಾಣಕ್ಕೂ ಏರಿಸಿಲ್ಲ. ದತ್ತಕದ ಸುದ್ದಿಯನ್ನು ಕೂಡ ಸೋದರತ್ತೆಗೆ ಮೊದಲು ಹೇಳಿ, ಅವರು ಹ್ಞೂಂ ಎಂದ ಮೇಲೆಯೇ ಉಳಿದವರಿಗೆ ತಿಳಿಸಿದೆ.

ಅಜ್ಜಿಯ ಕಥೆ ಬೇರೆ. ಅವಳ ಹೆಸರಿನಲ್ಲಿ ಒಂದು ಗುಂಟೆ ಹೊಲವೂ ಇರಲಿಲ್ಲವಾದ್ದರಿಂದ ಯಾವ ಪಹಣಿಯಲ್ಲೂ ಅವಳಿಲ್ಲ. ಸಿಕ್ಕಿದ್ದು ಹಳೆಯ ಮತದಾರರ ಪಟ್ಟಿಯ ಒಂದು ಸಾಲಿನಲ್ಲಿ: ಮನೆ ನಂಬರ್, ಹೆಸರು, ಗಂಡನ ಹೆಸರು, ವಯಸ್ಸು. ತಂದೆಯ ಹೆಸರಿಗೆ ಅಲ್ಲಿ ಜಾಗವೇ ಇಲ್ಲ. ಕಂಪ್ಲಿಯಲ್ಲಿ ಅವಳ ತವರುಮನೆ ಇದ್ದ ಓಣಿ ಸೋದರತ್ತೆಗೆ ಇನ್ನೂ ನೆನಪಿದೆಯಂತೆ. ಬರುವ ಅಮಾವಾಸ್ಯೆ ಕಳೆದ ಮೇಲೆ ಇಬ್ಬರೂ ಸೇತುವೆ ದಾಟಿ ಹೋಗುವವರಿದ್ದೇವೆ.